ಹದಿನೇಳನೇ ಬಿಲ್ಲೆ

ಮಾರ್ಚ್ 4
ಇವತ್ತೂ ಮೂರು ಬಿಲ್ಲೆ ಬೆಂಚಿನ ಮೇಲೆ. ಒಳಗೆ ಹೋಗುವಾಗ ಬೋರ್ಡಿನಿಂದ ಒಂದು ನಂಬರ್ ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದಾಗ ಅದೇ ಮೊಳೆಗೆ ಹಾಕಬೇಕು. ಅಷ್ಟೇ. ಅದಕ್ಕೇನು ಧಾಡಿ ಇವರಿಗೆ? ಹಾಯಾಗಿ ಸಮುದ್ರದ ಗಾಳಿ ಕುಡಿದು ಬರುತ್ತಾರೆ, ಬಿಲ್ಲೆ ಬಿಸಾಕಿ ಕಾರು ಹತ್ತುತ್ತಾರೆ. ಹೆಕ್ಕಿ ಹಾಕುವುದು ನಾನು. ಹನ್ನೊಂದು ವರ್ಷದಿಂದ ಕಡಲಂಚಿನ ಹಲಗೆ ದಾರಿಯ ಈ ಗೇಟಿನಲ್ಲಿ ಇದೇ ಕೆಲಸ.

ಗಡಿಯಾರ ರಿಪೇರಿಯವರು ಒಬ್ಬರೇ ಸರಿ. ದಿನಾ ನಾಲ್ಕಕ್ಕೆ ಬರುತ್ತಾರೆ. ಹದಿನೇಳೇ ಬೇಕು. ವಾಪಸ್ ಬಂದು ಮೊಳೆಗೆ ಹಾಕಿ, ಅದು ಅಲ್ಲಾಡುವುದು ನಿಲ್ಲುವವರೆಗೂ ನಿಂತು ನೋಡುತ್ತಾರೆ. "ಏನಮ್ಮಾ, ಮಕ್ಕಳೆಲ್ಲಾ ಮನೆಗೆ ಬಂದ್ವಾ?" ಅಂತ ಬೋರ್ಡಿನ ಕಡೆ ಕೈ ತೋರಿಸುತ್ತಾರೆ. ದಿನಾ ಅದೇ ಜೋಕು. ದಿನಾ ನಗುತ್ತೇನೆ.

ಮಾರ್ಚ್ 9
ಬೆಂಚಿನ ಕೆಳಗೆ ಎರಡು — 6, 17. ಐದೂಕಾಲಿಗೆ ಹಾಕಿದೆ. ಬೋರ್ಡ್ ಭರ್ತಿ. ಐದೂವರೆಗೆ ಬೀಗ. ವಿಪರೀತ ಶೀತ. ಬೇಗ ಮಲಗಬೇಕು.

ಮಾರ್ಚ್ 10, ಮಧ್ಯಾಹ್ನ
ಬೆಳಿಗ್ಗೆ ಏಳಕ್ಕೆ ಗಡಿಯಾರದವರ ಹೆಂಡತಿಯ ಫೋನು. ರಾತ್ರಿ ತಂಗಿಯ ಮನೆಯಲ್ಲಿ ಉಳಿದಿದ್ದರಂತೆ. ಬಂದು ನೋಡಿದರೆ ಮನೆಗೆ ಬೀಗ, ಹಾಸಿಗೆ ಮಡಿಸಿದ್ದು ಮಡಿಸಿದ ಹಾಗೇ.

ಹಕ್ಕಿ ನೋಡುವ ಅಟ್ಟಣೆಯ ಆಚೆ ಸಿಕ್ಕರು. ಹಲಗೆ ಸಂದಿಯಲ್ಲಿ ಕಾಲು ಸಿಕ್ಕಿಬಿದ್ದು ಸೊಂಟದ ಮೂಳೆ ಮುರಿದಿತ್ತು. ರಾತ್ರಿಯಿಡೀ ಅಲ್ಲೇ. ಉಸಿರಿತ್ತು, ಮಾತಿರಲಿಲ್ಲ. ನಾಲ್ಕು ಜನ ಹೊತ್ತು ತಂದೆವು. "ಸುಲಭ ದಾರಿ — ಮಕ್ಕಳೂ ಹಿರಿಯರೂ ಆರಾಮಾಗಿ ನಡೆಯಬಹುದು" ಅನ್ನುವ ಫಲಕದ ಪಕ್ಕದಲ್ಲೇ ಆಂಬುಲೆನ್ಸ್ ನಿಲ್ಲಿಸಿದ್ದರು.

ಸಾಹೇಬರು ಕೇಳಿದರು, "ನಿನ್ನೆ ಬೋರ್ಡ್ ಭರ್ತಿ ಇತ್ತೇನಮ್ಮಾ?" ಇತ್ತು ಅಂದೆ. ಸುಳ್ಳಲ್ಲ.

ಅದೇ ದಿನ, ಸಂಜೆ
ನಿನ್ನೆ ಬರೆದದ್ದು ಓದಿದೆ. 6, 17.

ನಿನ್ನೆ ಒಳಗೆ ಹೋಗುವ ಮುಂಚೆ ಗಡಿಯಾರದವರು ಆ ಬೆಂಚಿನ ಮೇಲೆ ಕೂತು ಶೂ ಲೇಸು ಕಟ್ಟಿಕೊಂಡಿದ್ದರು. ನಾನೇ ನೋಡಿದ್ದೆ. ಆಗಲೇ ಜೇಬಿನಿಂದ ಜಾರಿರಬೇಕು. ಬಿಲ್ಲೆ ಬಿಸಾಕಿ ಹೋಗುವ ಮನುಷ್ಯನಲ್ಲ. ಗೊತ್ತಿದ್ದೂ ಕೈ ತಾನಾಗಿ ಹಾಕಿಬಿಟ್ಟಿತು. ಸಂಜೆಯ ಜೋಕು ಕೇಳಲಿಲ್ಲ ಅನ್ನುವುದೂ ಹೊಳೆಯಲಿಲ್ಲ — ಕ್ಯಾಬಿನ್ನಿನಲ್ಲಿ ಮೂಗು ಒರೆಸಿಕೊಂಡು ಕೂತಿದ್ದೆ. ಒಂದು ಮೊಳೆ ಖಾಲಿ ಇದ್ದರೂ ಹುಡುಕದೆ ಬೀಗ ಹಾಕುವ ಹಾಗಿಲ್ಲ. ಖಾಲಿ ಇರಲು ನಾನು ಬಿಡಲಿಲ್ಲ.

ಏನೂ ಅನ್ನಿಸುತ್ತಿಲ್ಲ. ಬಟ್ಟೆ ಒಗೆದೆ.

ಮಾರ್ಚ್ 13
ಹೋಗಿಬಿಟ್ಟರು. ಅಳು ಬರಬೇಕಿತ್ತು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡ ಹಾಗಿದೆ.

ಅಕ್ಕನಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. "ಯಾರ ಮುಂದೇನೂ ಬಾಯಿ ಬಿಡಬೇಡ. ಹೋದವರು ವಾಪಸ್ ಬರ್ತಾರಾ? ನಿನ್ನ ಕೆಲಸ ಹೋಗತ್ತೆ, ಅಷ್ಟೇ." ಮತ್ತೆ ನಲ್ಲಿ ಬಿಟ್ಟಳು.

ಮಾರ್ಚ್ 16
ಸಾಹೇಬರ ರಿಪೋರ್ಟ್. ಬಿಲ್ಲೆ ಮೊಳೆಯಲ್ಲಿತ್ತು, ಆದ್ದರಿಂದ ಅವರು ಹೊರಗೆ ಬಂದು, ಬಿಲ್ಲೆ ಹಾಕಿ, ಮರೆತು ಮತ್ತೆ ಒಳಗೆ ಹೋಗಿದ್ದಾರೆ. ವಯಸ್ಸಾದವರ ಮರೆವು. ಯಾರ ತಪ್ಪೂ ಅಲ್ಲ. "ನೀನೇನೂ ತಲೆ ಕೆಡಿಸ್ಕೋಬೇಡ" ಅಂದರು. ಸಹಿ ಹಾಕಿದೆ. ಅಕ್ಷರ ದುಂಡಗೆ ಬಂತು.

ಮಾರ್ಚ್ 28
ಅವರ ಹೆಂಡತಿ ಬಂದಿದ್ದರು. ಕೈಯಲ್ಲಿ ರಿಪೋರ್ಟಿನ ಕಾಪಿ.

"ಮರೆವು ಶುರುವಾಗಿತ್ತಂತೆ. ನಲವತ್ತೆರಡು ವರ್ಷ ಜೊತೆಗೆ ಬಾಳಿದೀನಿ, ನಂಗೇ ಗೊತ್ತಾಗ್ಲಿಲ್ಲ ನೋಡಮ್ಮ. ಗೊತ್ತಿದ್ರೆ ಅವತ್ತು ಅವರೊಬ್ಬರನ್ನೇ ಬಿಟ್ಟು ತಂಗಿ ಮನೆಗೆ ಹೋಗ್ತಿದ್ನಾ? ನಾನೆಂಥ ಹೆಂಗಸು."

ನೀರು ಕೊಟ್ಟೆ. ಕುಡಿಯಲಿಲ್ಲ. "ನಾಳೆ ಆ ಜಾಗ ತೋರಿಸ್ತೀಯಾ?"

ತೋರಿಸ್ತೀನಿ ಅಂದೆ. ಊಟ ಮಾಡಿದೆ. ಏನು ಊಟ ಮಾಡಿದೆ ಗೊತ್ತಿಲ್ಲ.

ಮಾರ್ಚ್ 29
ಇಬ್ಬರೇ ನಡೆದೆವು. ಎಡಕ್ಕೆ ಕಡಲು, ಬಲಕ್ಕೆ ಉಪ್ಪುನೀರಲ್ಲಿ ಬೆಳೆಯುವ, ಬೇರು ಮೇಲೆದ್ದ ಕಾಂಡ್ಲಾ ಗಿಡಗಳು. ಇಳಿತದ ಹೊತ್ತು, ಕೆಸರಿನ ಮೇಲೆ ಏಡಿಗಳು. ದಾರಿ ನಿಜಕ್ಕೂ ಸುಲಭ, ಒಂದು ಏರಿಲ್ಲ, ಒಂದು ತಗ್ಗಿಲ್ಲ. ಗಂಡನ ವಾಚು ಕಟ್ಟಿಕೊಂಡಿದ್ದರು. ಸಡಿಲ, ಮೊಣಕೈವರೆಗೂ ಜಾರುತ್ತಿತ್ತು.

ಜಾಗ ತೋರಿಸಿದೆ. ಒಂದು ಹಲಗೆ ಹೊಸದು, ಬಣ್ಣ ಬೇರೆ. ವಾಚು ನೋಡಿದರು. "ಗೇಟಿನಿಂದ ಇಪ್ಪತ್ತೆರಡೇ ನಿಮಿಷ. ನನ್ನ ಈ ಮಂಡಿನೋವಲ್ಲೂ."

ಹೇಳಿಬಿಟ್ಟೆ. ಬೆಂಚು, ಲೇಸು, ಹದಿನೇಳು, ಸಹಿ — ಎಲ್ಲಾ.

ಹೊಸ ಹಲಗೆಯನ್ನು ಪಾದದಿಂದ ಒತ್ತಿ ನೋಡಿದರು.

"ಹಾಗಾದ್ರೆ ಅವರಿಗೆ ಮರೆವು ಇರ್ಲಿಲ್ಲ."

"ಇರ್ಲಿಲ್ಲಮ್ಮ."

"ಬುದ್ಧಿ ನೆಟ್ಟಗಿತ್ತು."

"ನನಗಿಂತ ನೆಟ್ಟಗಿತ್ತು."

ಅವರ ಮುಖ ಸಡಿಲವಾಯಿತು. ನಗುತ್ತಾರೇನೋ ಅನ್ನಿಸಿತು. ಕ್ಷಮಿಸಿಯೇ ಬಿಡುತ್ತಾರೇನೋ ಅಂತಲೂ... ಆಸೆ ನೋಡು ನನ್ನದು. ಆಮೇಲೆ ವಾಚನ್ನು ಮಣಿಕಟ್ಟಿಗೆ ಎಳೆದುಕೊಂಡರು.

"ಬಿಲ್ಲೆ ಎಷ್ಟು ಗಂಟೆಗೆ ಹಾಕ್ದೆ?"

"ಐದೂಕಾಲು."

"ಬೆಳಕಿತ್ತಾ?"

ಇತ್ತು. ಆರೂವರೆವರೆಗೂ ಇತ್ತು. ಹೌದು ಅಂದೆ. ಆಗ ಅವರು ವಾಚಿನ ಮೇಲೆ ಬೆರಳಿಟ್ಟು, "ಇಪ್ಪತ್ತೆರಡೇ ನಿಮಿಷ. ಬೆಳಕಿರೋವಾಗ್ಲೇ ಸಿಗ್ತಿದ್ರು" ಅಂದರು.