ಮುಕ್ತಾಬಾಯಿಯ ಮರಣದ ತಾರೀಖು

20 ಜನವರಿ, ಸೋಮವಾರ. ಸಂಜೆ

ಇವತ್ತೂ ಲೈಬ್ರರಿ. ಫೌಂಡ್ರಿಗೆ ಸೋಮವಾರ ಸೂಟಿ. ಶಿರೋಳಿ ಕಾರ್ಖಾನೆಯ ಹೊಗೆ ತಪ್ಪಿದರೆ ಹಳೇ ಮರಾಠಿ ಪೇಪರಿನ ಧೂಳು. ದೀಪಾವಳಿಯಿಂದ ಇದೇ ನಡೆದಿದೆ. ನಾಲ್ಕು ಫೈಲು ಮುಗಿಸಿದೆ. ಸಣ್ಣಜ್ಜನ ನಿಧನ ವಾರ್ತೆ ಕೊನೆಗೂ ಸಿಕ್ಕಿತು. ಐದು ಸಾಲು, ಅದರಲ್ಲಿ ಎರಡು ತಪ್ಪು.

ಕೈ ಪಳಗಿದೆ. ಈಗೀಗ ಮೊದಲ ಸಾಲು ಓದುವುದೇ ಇಲ್ಲ, ಕೊನೆಯದನ್ನು ನೋಡುತ್ತೇನೆ. 'ರಕ್ಷಾವಿಸರ್ಜನ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ' ಅಂತಿದ್ದರೆ ಮುಂದಿನದಕ್ಕೆ. ಸುಟ್ಟವರದಷ್ಟೇ ಬೂದಿ ಬಿಡುವುದು. ನಾವು ಲಿಂಗಾಯತರು ಹೂಳುವವರು, ನಮ್ಮ ಮನೆಯ ಸುದ್ದಿಯಲ್ಲಿ ಆ ಸಾಲು ಬರುವುದಿಲ್ಲ. ಹೀಗೆ ಮಾಡಿದರೆ ಮುಕ್ಕಾಲು ಪುಟ ತಾನಾಗಿ ದಾಟಿಹೋಗುತ್ತದೆ. ನಡುವೆ ಒಂದು ಹೆಸರು ಕಣ್ಣಿಗೆ ಬಿತ್ತು — ಯಲಗೂರಪ್ಪ, ಇಚಲಕರಂಜಿಯ ಮಗ್ಗದವನು. ಪಾಟೀಲ, ಪವಾರರ ನಡುವೆ ಮುದ್ದೇಬಿಹಾಳ ಕಡೆಯ ಹೆಸರು. ನಗು ಬಂತು. ರಕ್ಷಾವಿಸರ್ಜನ ಶುಕ್ರವಾರ. ಪುಟ ತಿರುವಿದೆ.

ಅವ್ವನ ಅಣ್ಣ ರಾವಸಾಹೇಬ ಮಾಮಾ ಬಸವ ಜಯಂತಿಗೆ ವಂಶಾವಳಿ ಅಚ್ಚು ಹಾಕಿಸುತ್ತಾರೆ. ಅವರ ಮಗ ಕೇದಾರನಿಗೆ ಪುರುಸೊತ್ತಿಲ್ಲ, ಆದ್ದರಿಂದ ಸತ್ತವರ ತಾರೀಖೆಲ್ಲ ನನ್ನ ಪಾಲಿಗೆ. ನನ್ನದು ಒಂದೇ ಹಟ: ಕಾಗದ ಇಲ್ಲದ ತಾರೀಖು ಅಚ್ಚಾಗಬಾರದು. ಮೂವತ್ತೊಂಬತ್ತು ಹೆಸರು ಮುಗಿದವು. ಇನ್ನು ಉಳಿದದ್ದು ಒಂದೇ. ಅವ್ವನ ಅಕ್ಕ ಮುಕ್ತಾಬಾಯಿ, ನಾನು ಹುಟ್ಟುವ ಮೊದಲೇ ಜ್ವರದಿಂದ ತೀರಿಕೊಂಡ ದೊಡ್ಡವ್ವ. ಮಾಮಾ ಕೊಟ್ಟ ತಾರೀಖು 12 ಮೇ 1974. ಅವ್ವನ ತವರು ಗಡಹಿಂಗ್ಲಜಕ್ಕೆ ಹೋಗಿ ಮರಣ ದಾಖಲೆಯ ಒಂದು ನಕಲು ತಂದರೆ ಕೆಲಸ ಮುಗೀತು.

(ಇದನ್ನು ಕನ್ನಡದಲ್ಲಿ ಬರೆಯುವುದು ಮನೆಯಲ್ಲಿ ಯಾರೂ ಓದಬಾರದೆಂದು. ಗಂಡ, ಮಗಳು ಮಯೂರಿ ಇಬ್ಬರದೂ ಮರಾಠಿ ಶಾಲೆ. ಅವ್ವ ಓದುತ್ತಾಳೆ, ಆದರೆ ಕನ್ನಡಕ ಹುಡುಕುವಷ್ಟರಲ್ಲಿ ಮರೆಯುತ್ತಾಳೆ.)

27 ಜನವರಿ, ಸೋಮವಾರ

ಗಡಹಿಂಗ್ಲಜ. ಜನನ-ಮರಣ ವಿಭಾಗದಲ್ಲಿ ಪ್ರಾಜಕ್ತಾ ಅಂತ ಒಬ್ಬ ಹುಡುಗಿ. ಒಳ್ಳೆಯವಳು, ರಜಿಸ್ಟರನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ಮೇ ತಿಂಗಳು ನೋಡಿದೆವು. ಇಲ್ಲ. ಏಪ್ರಿಲ್, ಜೂನ್. ಇಲ್ಲ. ತಡವಾಗಿ ಬರೆಸಿರಬಹುದು ಅಂತ ಇಡೀ ವರ್ಷ ಬೆರಳಿಟ್ಟು ಓದಿದಳು. ಆ ಮೇ ತಿಂಗಳಲ್ಲಿ ಪೇಟೆಯಲ್ಲಿ ಸತ್ತವರೆಲ್ಲ ಇದ್ದಾರೆ, ಎರಡು ದಿನದ ಕೂಸು ಕೂಡ. ನಮ್ಮ ದೊಡ್ಡವ್ವ ಇಲ್ಲ.

ಅಲ್ಲಿಂದ ರುದ್ರಭೂಮಿ. ಅಜ್ಜನ ಗದ್ದುಗೆ ಇದೆ, ಆಯಿಯದಿದೆ. ಇಪ್ಪತ್ತೆರಡರ ಹುಡುಗಿಯದು ಎಲ್ಲಿ? ಕಾಯುವವನಿಗೂ ಗೊತ್ತಿಲ್ಲ.

ಸಿಟ್ಟು ಬಂತು. ನೇರ ಮಾಮಾನ ಮನೆಗೆ ಹೋದೆ. ಮೆಣಸಿನಕಾಯಿ ಪೇಟೆಯಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದರು. ದಾಖಲೆ ಇಲ್ಲ ಅಂದೆ. ಟಾವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಮನೀ ಮಂದಿ ಎಲ್ಲಾರೂ ತಲೀ ಮ್ಯಾಲೆ ನೀರ ಹಾಕ್ಕೊಂಡೇವಿ. ಅದಕ್ಕಿಂತಾ ದಾಖಲೆ ಬೇಕೇನ ನಿನಗ? ಅದ ತಾರೀಖ ಬರಿ."

ಹೂಳಿದ್ದು ಎಲ್ಲಿ ಅಂತ ಕೇಳಿದೆ. ಚಹಾ ತಗೊಂಡು ಹೋಗು ಅಂದರು. ತಗೊಳ್ಳಲಿಲ್ಲ.

28 ಜನವರಿ. ರಾತ್ರಿ

ಬೆಳಿಗ್ಗೆ ಆರಕ್ಕೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ರಜಿಸ್ಟರಿನಲ್ಲಿ ಹೆಸರಿಲ್ಲ ಅಂದೆ, ಅಷ್ಟೇ. ಬಡಿಯುವ ಕೈ ನಿಲ್ಲಲಿಲ್ಲ. ಇರೂದಿಲ್ಲ, ಅಂದಳು.

ಜ್ವರ ಬಂದಿರಲಿಲ್ಲವಂತೆ. ಅಜ್ಜನ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಒಬ್ಬ ಹಮಾಲನಿದ್ದನಂತೆ. ನಮ್ಮ ಪೈಕಿ ಅಲ್ಲ. ದೊಡ್ಡವ್ವ ಅವನ ಜೊತೆ ಇಚಲಕರಂಜಿಗೆ ಹೋದಳು. ಸುದ್ದಿ ಗಟ್ಟಿಯಾದ ದಿನ ಅಜ್ಜ ಬಚ್ಚಲಲ್ಲಿ ಹಂಡೆ ತುಂಬಿಸಿಟ್ಟು, ಸತ್ತವರ ನಂಟರು ಮಾಡುವ ಹಾಗೆ ಒಬ್ಬೊಬ್ಬರಾಗಿ ಜಳಕ ಮಾಡಿ ಬನ್ನಿ ಅಂದ. ಅದೇ 12 ಮೇ. ಅವ್ವನಿಗೆ ಆಗ ಹದಿನೆಂಟು.

"ನಾ ಒಳಗ ಕುಂತು ನೀರೆಲ್ಲಾ ನೆಲಕ್ಕ ಸುರುವಿದ್ನಿ. ಹೊರಗ ಸಪ್ಪಳ ಕೇಳಬೇಕಲ್ಲ. ಕೂದಲಾ ಒದ್ದಿ ಮಾಡ್ಕೊಂಡು ಬಂದೆ. ತಲೀ ಮ್ಯಾಲೆ ಒಂದ ತಂಬಿಗೀನೂ ಹಾಕ್ಕೊಂಡಿಲ್ಲ."

ಐವತ್ತು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಅಪ್ಪನಿಗೂ. ಹಮಾಲನ ಹೆಸರು ಕೇಳಿದೆ.

ಯಲಗೂರಪ್ಪ.

ಬಸ್ಸು ತಪ್ಪಿತು. ಫೌಂಡ್ರಿಯಲ್ಲಿ ಲೇಟ್ ಮಾರ್ಕ್. ಇಡೀ ದಿನ ನನ್ನನ್ನೇ ಬೈದುಕೊಂಡೆ. ಕಣ್ಣೆದುರಿಗೆ ಬಂದದ್ದನ್ನು, ಬೂದಿಯ ಸಾಲು ನೋಡಿ, ನಮ್ಮವರಲ್ಲ ಅಂತ ದಾಟಿಬಿಟ್ಟೆನಲ್ಲ. ಅಜ್ಜ ಮಾಡಿದ್ದೂ ಅದನ್ನೇ.

ಸಂಜೆ ಈ ಪುಸ್ತಕ ತೆಗೆದು ನೋಡಿದೆ. 20ನೇ ತಾರೀಖು, ನಾಲ್ಕು ಫೈಲು. ಬರೆದಿಟ್ಟದ್ದು ಉಪಯೋಗಕ್ಕೆ ಬಂತು.

3 ಫೆಬ್ರುವರಿ, ಸೋಮವಾರ

ಮೊದಲ ಫೈಲಿನಲ್ಲಿ ಇಲ್ಲ. ಎರಡನೆಯದು ಬೈಂಡಿಂಗಿಗೆ ಹೋಗಿದೆ, ಮುಂದಿನ ತಿಂಗಳು ಬನ್ನಿ ಅಂದರು. ಬರುವುದಿಲ್ಲ, ಈಗಲೇ ಬೇಕು ಅಂದೆ. ಒಂದು ತಾಸು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಕೊನೆಗೆ ಲೈಬ್ರರಿಯವರು ತಾವೇ ಹೋಗಿ, ಹೊಲಿಗೆ ಬಿಚ್ಚಿದ ಪುಟಗಳನ್ನು ಗಂಟು ಕಟ್ಟಿಕೊಂಡು ಬಂದರು.

ಸಿಕ್ಕಿತು. 18 ಆಗಸ್ಟ್ 2016. ಈ ಸಲ ಮೊದಲ ಸಾಲಿನಿಂದ ಓದಿದೆ.

ಯಲಗೂರಪ್ಪ, ವಯಸ್ಸು 68, ಮಗ್ಗದ ಕಾರ್ಮಿಕ, ಜವಾಹರನಗರ. 'ಅವರ ಹಿಂದೆ ಪತ್ನಿ ಮುಕ್ತಾಬಾಯಿ, ಮಗ ಹಾಲಸಿದ್ದ, ಸೊಸೆ, ಮೊಮ್ಮಕ್ಕಳಿದ್ದಾರೆ.'

ಇದ್ದಾರೆ. ಸತ್ತವರ ಪುಟದಲ್ಲಿ ನಮ್ಮ ದೊಡ್ಡವ್ವ ಬದುಕಿದ್ದವರ ಸಾಲಿನಲ್ಲಿದ್ದಳು. ಅಲ್ಲೇ ಕುಳಿತು ಅತ್ತೆ. ಲೈಬ್ರರಿಯವರು ನೀರು ತಂದುಕೊಟ್ಟು, ಹತ್ತಿರದ ನಂಟರೇನ್ರಿ ಅಂದರು. ಹೌದ್ರಿ ಅಂದೆ.

ಆದರೆ ಇದು ಎಂಟೂವರೆ ವರ್ಷ ಹಿಂದಿನ ಮಾತು. ಈಗ?

4 ಫೆಬ್ರುವರಿ

ಝೆರಾಕ್ಸ್ ಅನ್ನು ಅವ್ವನಿಗೆ ಕೊಟ್ಟೆ. ಕನ್ನಡಕ ಈ ಸಲ ತಕ್ಷಣ ಸಿಕ್ಕಿತು. 'ಪತ್ನಿ ಮುಕ್ತಾಬಾಯಿ' ಇದ್ದ ಜಾಗದ ಮೇಲೆ ಬೆರಳಿಟ್ಟುಕೊಂಡು ಭಾಳ ಹೊತ್ತು ಕುಳಿತಳು.

ಇಚಲಕರಂಜಿ ಆಫೀಸಿನಲ್ಲಿ 2016ರಿಂದ ಈಚಿನ ಮರಣ ರಜಿಸ್ಟರ್ ಮೊದಲು ನೋಡಿಬಿಡುತ್ತೇನೆ, ಸುಮ್ಮನೆ ಹೋಗಿ ಬಾಗಿಲಲ್ಲಿ ನಿಂತು ಎದೆ ಒಡೆದುಕೊಳ್ಳುವುದು ಬೇಡ ಅಂದೆ.

"ಆಫೀಸಿಗೆ ಬ್ಯಾಡ," ಅಂದಳು. "ಮನೀಗೇ ಹೋಗೂಣು. ಇದ್ದರ ಆಕೀನ ಬಾಗಲಾ ತಗೀತಾಳ. ಇಲ್ಲಂದ್ರ ಅಲ್ಲೇ ಜಳಕಾ ಮಾಡಿ ಬರತೇನಿ."

10 ಫೆಬ್ರುವರಿ, ಸೋಮವಾರ

ಹೋಗಲಿಲ್ಲ. ಅವ್ವನಿಗೆ ಮೊಣಕಾಲು ನೋವಂತೆ. ಮಧ್ಯಾಹ್ನ ಮಾಳಿಗೆ ಹತ್ತಿ ಶೇಂಗಾ ಒಣಗಹಾಕಿ ಬಂದಳು. ಭಯ ನನಗೂ ಇದೆ.

ಮಾಮಾನ ಫೋನು. ಪ್ರೂಫ್ ಮುಂದಿನ ಸೋಮವಾರ ರಾತ್ರಿಯೊಳಗೆ ಪ್ರೆಸ್ಸಿಗೆ ಹೋಗಬೇಕು, ನೀನು ಬರೆಯದಿದ್ದರೆ ನಾನೇ ತಾರೀಖು ಬರೆಸುತ್ತೇನೆ ಅಂದರು. ಬರೆಸಿದರೆ ಪುಸ್ತಕದ ಮೇಲೆ ನನ್ನ ಹೆಸರು ಇರಕೂಡದು ಅಂದೆ. ಮಾಮಾನಿಗೆ ಎದುರು ಮಾತಾಡಿದ್ದು ಇದೇ ಮೊದಲು.

17 ಫೆಬ್ರುವರಿ, ಸೋಮವಾರ. ಬೆಳಿಗ್ಗೆ 7

ಅವ್ವ ನನಗಿಂತ ಮೊದಲೇ ಎದ್ದು ಸೀರೆ ಉಟ್ಟಿದ್ದಾಳೆ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಇನ್ನೊಂದು ಚೀಲದಲ್ಲಿ ಒಂದು ಜೊತೆ ಬಟ್ಟೆ, ಟಾವೆಲ್. ಯಾತಕ್ಕೆಂದು ಇಬ್ಬರಿಗೂ ಗೊತ್ತು. ಎಂಟರ ಬಸ್ಸು.

ಅದೇ ದಿನ. ಸಂಜೆ 6

ಚಪ್ಪಲಿ ಬಿಟ್ಟವಳೇ ಬರೆಯಲು ಕುಳಿತೆ.

ಜವಾಹರನಗರದಲ್ಲಿ ಆಟೋ ಬಿಟ್ಟೆವು. ಎಲ್ಲಾ ಕಡೆ ಮಗ್ಗದ ಸಪ್ಪಳ, ಕೂಗಿ ಮಾತಾಡಬೇಕು. ಹಾಲಸಿದ್ದನ ಮನೆ ಕೇಳಿದೆ, ಮೂರನೆಯದು ಅಂದರು. ಅಲ್ಲಿ ಹೊಸ್ತಿಲ ಒಳಗೆ ಒಬ್ಬ ಮುದುಕಿ ಕುಳಿತು ಮಗ್ಗದ ಕಾಂಡಿಗೆ ನೂಲು ಸುತ್ತುತ್ತಿದ್ದಳು. ಕೊರಳಲ್ಲಿ ಲಿಂಗದ ಕರಡಿಗೆ ಇಲ್ಲ. ಮೂಗು ಮಾತ್ರ ಅವ್ವನದೇ.

ತಲೆ ಎತ್ತಿ, ಯಾರ್ರಿ, ಯಾರ ಬೇಕಾಗಿತ್ರಿ ಅಂದಳು. ನಾನೇ ಹೇಳಬೇಕು ಅನ್ನುವಷ್ಟರಲ್ಲಿ ಅವ್ವನ ಬಾಯಿಂದ ಮಾತು ಹೊರಟಿತು — ಹೆಸರಲ್ಲ, ಊರಲ್ಲ.

"ಅಕ್ಕಾ, ಆ ದಿನ ನಾ ಜಳಕಾ ಮಾಡಿರಲಿಲ್ಲ."

ಮುದುಕಿಯ ಕೈಯಲ್ಲಿದ್ದ ಕಾಂಡಿ ಉರುಳಿ ನನ್ನ ಕಾಲ ಹತ್ತಿರ ಬಂತು. ಅವಳಿಗೆ ಅಷ್ಟು ಸಾಕಾಯಿತು. ನೀರು ಹಾಕಿಕೊಂಡ ಸುದ್ದಿ ಯಾರೋ ಅವಳಿಗೆ ಅವತ್ತೇ ಮುಟ್ಟಿಸಿದ್ದರಂತೆ. ಗೋಡೆ ಹಿಡಿದು ಎದ್ದಳು, ಅವ್ವನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ಅನ್ನವ್ವಾ," ಅಂದಳು. "ಹಂಗಾರ ಒಳಗ ಬಾ. ಕೈಕಾಲಾ ತೊಳ್ಕೊ. ಉಂಡ ಹೋಗು."

ಉಂಡೆವು. ಹೋಳಿಗೆ ಡಬ್ಬಿ ಕೊಡುವುದು ಮರೆತು ವಾಪಸ್ಸು ತಂದಿದ್ದೇವೆ, ಅಂದರೆ ಅವ್ವನನ್ನು ಬಿಟ್ಟು ನಾನೊಬ್ಬಳೇ ತಂದಿದ್ದೇನೆ. ಅವ್ವ ಬರಲಿಲ್ಲ. ಒಂದು ಜೊತೆ ಬಟ್ಟೆ ಹೇಗೂ ಇತ್ತು.

ಬಸ್ಸಿನಿಂದಲೇ ಮಾಮಾನಿಗೆ ಫೋನು ಮಾಡಿ ಹೇಳಿದೆ. ಕಟ್ ಆಯಿತೇನೋ ಎಂದು ಹಲೋ ಹಲೋ ಅಂದೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು:

"ಕೂದಲಾ ಬೆಳ್ಳಗಾಗ್ಯಾವೇನ ಆಕೀವು?"

ಪೂರ್ತಿ ಅಂದೆ. ಪ್ರೆಸ್ಸಿಗೆ ಏನು ಕಳಿಸಲಿ ಅಂದೆ. ನಿನ್ನ ಹತ್ತಿರ ಕಾಗದ ಇದ್ದಂಗ ಬರಿ ಅಂದರು.

ಪ್ರೂಫ್ ಮುಂದಿಟ್ಟುಕೊಂಡಿದ್ದೇನೆ. ನಲವತ್ತನೇ ಪುಟ. 12 ಮೇ ಹೊಡೆದುಹಾಕಿದೆ.

ಮುಕ್ತಾಬಾಯಿ. ಜನನ 1952, ಗಡಹಿಂಗ್ಲಜ. ಪತಿ ಯಲಗೂರಪ್ಪ. ಮಗ ಹಾಲಸಿದ್ದ. ಮರಣ —