ಲುವೊ ಅವರ ಮೆಡಲ್ಲುಗಳು

ಶೈಲಜಾ ಮೇಡಂ,

ಪ್ರಿಂಟರು ಕೆಟ್ಟಿದ್ದು ಸಾಲ್ದು ಅಂತ ಈಗ ನಮ್ಮ ಚೀನಾದ ಕ್ಲೈಂಟ್ ಲುವೊ ಅವರ ಮಗಳು ನನ್ನ ಟೇಬಲ್ ಬಿಟ್ಟು ಏಳ್ತಿಲ್ಲ. ನೀವು ಪ್ಲೆಸೆಂಟನ್ ಊರಿನ ಮೀಟಿಂಗಲ್ಲಿದೀರಿ, ಗೊತ್ತು. ಪಾರ್ಕಿಂಗಿಗೆ ಬಂದು ಇದನ್ನ ಫೋನಿಗೆ ಹೇಳಿ ಬರೆಸ್ತಿದೀನಿ.

ಅವರಪ್ಪನ ಗ್ರೀನ್ ಕಾರ್ಡ್ ಅರ್ಜೀಲಿ ಆ ಮಗಳು ಕೆಲಸ "ಮೇಷ್ಟ್ರು" ಅಂತ, ಕಮ್ಯುನಿಸ್ಟ್ ಪಕ್ಷದ ಪ್ರಶ್ನೆಗೆ "ಇಲ್ಲ" ಅಂತ ತುಂಬಿದಾರೆ. ಪಕ್ಷದಲ್ಲಿದ್ದೋರಿಗೆ ಅಮೆರಿಕದ ಗ್ರೀನ್ ಕಾರ್ಡ್ ಸಿಗೋದೇ ಕಷ್ಟ ಅಂತ ಆಕೆಗೆ ಗೊತ್ತು. ಅಪ್ಪ ನೋಡಿದ್ರೆ ಸೂಟು ಹಾಕ್ಕೊಂಡು, ಮೆಡಲ್ಲುಗಳ ಡಬ್ಬಿ ಸಮೇತ ಬಂದಿದಾರೆ. ದೊಡ್ಡ ಹುದ್ದೆ ನೋಡಿದ್ರೆ ಇಮಿಗ್ರೇಷನ್ನವರು ಬೇಗ ಕೊಡ್ತಾರೆ ಅಂತ ಅವರ ನಂಬಿಕೆ. ಮೊದಲು ಜಿಲ್ಲೆಯ ಪಕ್ಷದ ಕಾರ್ಯದರ್ಶಿ, ಆಮೇಲೆ ಮೇಯರ್ರು, ಕೊನೆಗೆ ಪ್ರಾಂತ್ಯದ ಉಪ ಗವರ್ನರ್ರು. ಎಲ್ಲಾ ಇಸವಿ ಸಮೇತ ನನ್ನ ಕೈಲಿ ಬರೆಸಿದ್ರು.

ಅಪ್ಪ ಬಾತ್‌ರೂಮಿಗೆ ಹೋಗಿದ್ದೇ ತಡ, ಮಗಳು "ಅದನ್ನ ಹರಿದು ಹಾಕಮ್ಮ. ನಿನ್ನ ವೀಸಾನೂ ಈ ಲಾಯರ್ ಆಫೀಸಿನ ಕೈಲೇ ಇದೆ ಅಲ್ವಾ?" ಅಂದ್ರು.

ಅರ್ಜಿ ತಯಾರಿಸಿದವರು ಅನ್ನೋ ಕಡೆ ನನ್ನ ಹೆಸರಿದೆ. ನಾನಿನ್ನೂ ಸೈನ್ ಮಾಡಿಲ್ಲ. ಅಪ್ಪ ಹೇಳಿದ್ದನ್ನ ಹರಿದೂ ಇಲ್ಲ. ಅರ್ಜಿ ತಗೊಂಡು ಹೋಗೋಕೆ ಐದಕ್ಕೆ ಕೊರಿಯರ್ ಬರುತ್ತೆ. ದಯವಿಟ್ಟು ಆ ಮಗಳ ಹತ್ರ ನೀವೇ ಮಾತಾಡಿ. ನೀವೂ "ಮಗಳು ತುಂಬಿದ್ದಕ್ಕೇ ಸೈನ್ ಮಾಡು" ಅನ್ನೋದಾದ್ರೆ ಮೆಸೇಜ್ ಬೇಡ ಮೇಡಂ, ನಿಮ್ಮ ಬಾಯಿಂದಲೇ ಕೇಳಬೇಕು.

ನಾಲ್ಕೂವರೆಗೆ ಫೋನ್ ಮಾಡಿ.

ನಿಮ್ಮ ಆಫೀಸಿನ
ಸಂಯುಕ್ತಾ