ಬಲಗಡೆಯ ಕನ್ನಡಿ ಟೋಪಿ

ಹಿತ್ತಿಲ ಶೆಡ್ಡಿನಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಮೆಣಸಿನಕಾಯಿಗೆ,

ಹೇಗಿದ್ದೀಯ ಮಗಳೇ? ಸೇತುವೆ ಕೆಲಸದ ಕ್ಯಾಂಪಿನ ತಗಡಿನ ಮನೆ ಹಗಲಿಡೀ ಕಾದು ಹೆಂಚಾಗುತ್ತದೆ ಎಂದು ನೀನು ಬರೆದಿದ್ದೆ. ಕೆಮ್ಮು ಬಿಟ್ಟಿತೇ? ತಲೆಗೆ ಬಟ್ಟೆ ಕಟ್ಟಿಕೋ, ನೀರು ಕುಡಿ. ನನ್ನ ಮಂಡಿ ಹಾಗೇ ಇದೆ. ಕೂತರೆ ಏಳಲು ಬಿಡದು, ಎದ್ದರೆ ಕೂರಲು ಬಿಡದು. ನಿನ್ನ ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ. ನಾನು ದಿನಾ ತಿನ್ನುವ ಬೈಗುಳವೇ ಅದಕ್ಕೆ ಸಾಕ್ಷಿ.

ಇನ್ನು ನಿನ್ನ ಕಾರಿನ ಸಮಾಚಾರ. ಎರಡು ಪಕ್ಕದ ಕನ್ನಡಿಗಳ ಬೆನ್ನಿಗೆ ಮುಚ್ಚಳವಾಗಿ ಕೂರುವ ಟೋಪಿ, ಡಿಕ್ಕಿಯ ಮೇಲಿನ ರೆಕ್ಕೆ, ಮೂರೂ ಒಡೆದಿವೆ, ಮೂರನ್ನೂ ಕಾರ್ಬನ್ ಫೈಬರಿನಲ್ಲಿ ಮನೆಯಲ್ಲೇ ಮಾಡಬೇಕು ಎಂದು ಹೇಳಿ ಹೋದೆ. ಸರಿ. ಆದರೆ ಹೇಳಿದ್ದು ಯಾರಿಗೆ? ನಿನ್ನ ಅಮ್ಮನ ಅಪ್ಪನಿಗೆ, ನಮ್ಮ ಬೀಗರಿಗೆ, ನಿನ್ನ ಮುದ್ದಿನ ದೋಣಿ ತಾತನಿಗೆ! ನಲವತ್ತು ವರ್ಷ ಬಾಗಿಲು, ಮಂಚ ಮಾಡಿದ ಬಡಗಿ ನಾನು. ನೀನು ಮಲಗಿದ ತೊಟ್ಟಿಲೂ ನನ್ನ ಕೈಯದೇ. ನನಗೆ ಬಂದ ಅಪ್ಪಣೆ ಏನು? "ತಾತಾ, ದೋಣಿ ತಾತನಿಗೆ ಸಾಮಾನು ಎತ್ತಿಕೊಡು." ಎತ್ತಿಕೊಟ್ಟೆ ಕಣಮ್ಮ. ಆದರೆ ಹೊಟ್ಟೆಯೊಳಗೆ ಬೆಂಕಿ ಬಿತ್ತು, ಸುಳ್ಳೇಕೆ ಹೇಳಲಿ.

ಬೀಗರು ಫೈಬರ್ ದೋಣಿ ಕಟ್ಟಿದವರು, ಒಪ್ಪಿದೆ. ಚಾಪೆಯ ಹಾಗೆ ಹೆಣೆದ ಆ ಕಪ್ಪು ಬಟ್ಟೆಯನ್ನು ಒಂದೆಳೆ ಬಿಚ್ಚದಂತೆ ಕತ್ತರಿಸಿ, ಅಚ್ಚಿನೊಳಗೆ ಹಾಸಿ, ಬಿಸಿಗೆ ಬೇಗ ಗಟ್ಟಿಯಾಗುವ ರೆಸಿನ್ ಅಂಟು ಸವರಿ, ಕುಂಚದ ತುದಿಯಿಂದ ಕುಟ್ಟಿ ಕುಟ್ಟಿ ಗಾಳಿ ಹೊರಡಿಸುತ್ತಾರೆ. ನೋಡಲು ಬಂದ ನಿನ್ನ ಅಪ್ಪ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, "ಮಾವ, ನಿಮ್ಮ ಕೈ ಅಂದ್ರೆ ಕೈ" ಅಂದುಬಿಟ್ಟ. ನನ್ನ ಕೈಯಲ್ಲಿ ಆಗ ಕಸದ ಡಬ್ಬಿ ಇತ್ತು. ಎಡಗಡೆಯ ಟೋಪಿ ನಾನೇ ಮಾಡುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ. ನಿನ್ನ ಅಜ್ಜಿ ಕಿಟಕಿಯಿಂದಲೇ ಕೂಗಿದಳು: "ರೆಸಿನ್ ಡಬ್ಬಾನ ಅವರ ಹೊಟ್ಟೆ ಮೇಲಿಡಿ ಬೀಗರೇ, ಆ ಕಿಚ್ಚಿಗೆ ಐದೇ ನಿಮಿಷದಲ್ಲಿ ಗಟ್ಟಿಯಾಗುತ್ತೆ!"

ಮರದಲ್ಲಿ ಅಚ್ಚು ಕೆತ್ತಿದೆ. ಅಂಥ ಅಚ್ಚನ್ನು ಬೀಗರು ಕನಸಿನಲ್ಲೂ ಕೆತ್ತಲಾರರು. ಆದರೆ ನನ್ನ ಕೈಗೆ ಅಂಟಿದ ಅಭ್ಯಾಸ ನೋಡು: ಬಡಗಿಗೆ ಅಂಟು ಅಂದರೆ ಕಚ್ಚಬೇಕು. ಅದಕ್ಕಾಗಿ ಅಚ್ಚಿನ ಒಳಮೈಯನ್ನು ಉಪ್ಪು ಕಾಗದದಿಂದ ಚೆನ್ನಾಗಿ ಒರಟು ಮಾಡಿ ಮೇಲೆ ಬಟ್ಟೆ ಹಾಸಿದೆ. ಕಚ್ಚಿತು ನೋಡು! ಮಾರನೇ ದಿನ ಉಳಿ ಹಾಕಿದೆ, ಸುತ್ತಿಗೆ ಹಾಕಿದೆ, ಬೈದೆ. ಟೋಪಿ ಅಚ್ಚು ಬಿಟ್ಟು ಬರಲಿಲ್ಲ. ಬೀಗರು ಬಂದು ನೋಡಿ, "ಬೀಗರೇ, ನಿಮ್ಮದು ಕೂಡಿಸೋ ಕಸುಬು, ನಮ್ಮದು ಬಿಡಿಸೋ ಕಸುಬು. ಇದಕ್ಕೆ ಒಳಗೆ ನುಣುಪು ಬೇಕು, ಮೇಣ ಬೇಕು" ಎಂದು ತಮ್ಮ ಮೇಣದ ಡಬ್ಬಿಯನ್ನೇ ಕೊಟ್ಟರು. ನಕ್ಕಿದ್ದರೆ ಜಗಳವಾಡಬಹುದಿತ್ತು. ಆ ಪುಣ್ಯಾತ್ಮ ನಗಲೂ ಇಲ್ಲ. ಎರಡನೇ ಅಚ್ಚಿನಲ್ಲಿ ನನ್ನ ಟೋಪಿ ಬಂತು. ಮೂಲೆಯಲ್ಲಿ ಎರಡು ಗುಳ್ಳೆ ಇವೆ, ದೂರದಿಂದ ಕಾಣವು.

ಅವರ ಬಲಗಡೆಯದು ಕನ್ನಡಿಗಿಂತ ಹೊಳೆಯುತ್ತಿತ್ತು. ಕೊನೆಯ ಹೊಳಪಿನ ಪದರ ಹಚ್ಚಿ ಒಣಗಲು ಇಟ್ಟು ಕಾಫಿಗೆ ಎದ್ದರು. ಬಂದು ನೋಡಿದರೆ ನಟ್ಟ ನಡುವೆ ಒಂದು ಗಾಯ, ಯಾರೋ ಒತ್ತಿ ಎಳೆದ ಹಾಗೆ. ಬೀಗರು ಬಹಳ ಹೊತ್ತು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಏಳುವಾಗ ನನ್ನ ಕೈಯೇ ತಾಗಿರಬೇಕು. ಈಚೆಗೆ ನಡುಗ್ತಾ ಇದೆ" ಎಂದರು. ಕುಂಚಗಳನ್ನು ತೊಳೆದು ಕಟ್ಟಿಟ್ಟು, ಇನ್ನು ರೆಕ್ಕೆಯನ್ನು ಅಂಗಡಿಯಲ್ಲಿ ಕೊಂಡುಬಿಡಲಿ ಎಂದು ಹೇಳಿ ಹೋದರು. ನಾಲ್ಕು ದಿನವಾಯಿತು, ಈ ಕಡೆ ತಲೆ ಹಾಕಿಲ್ಲ. ಶೆಡ್ಡೆಲ್ಲ ಈಗ ನನ್ನದೇ. ಹೊಗಳುವವರೂ ಇಲ್ಲ, ಉರಿಸುವವರೂ ಇಲ್ಲ.

ಊಟ ಬಿಡಬೇಡ. ಎತ್ತರದಲ್ಲಿ ಕೆಲಸ ಮಾಡುವಾಗ ಸೊಂಟದ ಪಟ್ಟಿ ಬಿಗಿಯಾಗಿರಲಿ. ನೂರು ವರ್ಷ ಸುಖವಾಗಿರು.

ಇಂತಿ, ತೊಟ್ಟಿಲು ಮಾಡಿದ
ನಿನ್ನ ತಾತ

ತಾ.ಕ.: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಗಾಯ ಅವರ ಕೈಯದಲ್ಲ, ನನ್ನ ಹೆಬ್ಬೆರಳಿನದು. ಅವರು ಕಾಫಿ ಕುಡಿಯುವಾಗ ಒತ್ತಿದೆ. ಹೇಳೋಣವೆಂದು ಎರಡು ಸಲ ಅವರ ಬಾಗಿಲವರೆಗೆ ಹೋಗಿ ಮರಳಿದೆ. ಈ ಕಾಗದ ಅಂಚೆಗೆ ಬಿದ್ದ ಮೇಲೆ ಹೇಳದೆ ವಿಧಿಯಿಲ್ಲ, ಇವತ್ತೇ ಹೋಗುತ್ತೇನೆ. ನೀನೂ ಅವರಿಗೆ ಬರೆ: ರೆಕ್ಕೆಯನ್ನು ಅವರೇ ಮಾಡಬೇಕು, ಬೇರೆಯವರ ಕೈ ಬೇಡ ಎಂದು. ಬಲಗಡೆಯದನ್ನು ಬಾಯ್ತುಂಬಾ ಹೊಗಳು. ಕೊನೆಯಲ್ಲಿ ಜಾಗ ಉಳಿದರೆ, ನನ್ನದರ ಬಗ್ಗೆ ಒಂದೇ ಒಂದು ಸಾಲು.